ಸರಕಿನ ಡಬ್ಬಿ ಮನೆಯಾದ ಕಥೆ

ಬನದ ಹುಣ್ಣಿಮೆಗೆ ಇನ್ನು ನಾಲ್ಕು ದಿನ ಇದೆ ಎನ್ನುವಾಗ ನಮ್ಮಪ್ಪ ಟ್ರ್ಯಾಕ್ಟರ್ ಟ್ರೇಲರ್ ತೊಳೆಯುತ್ತಿದ್ದರು. ವರ್ಷವಿಡೀ ಗೊಬ್ಬರ, ಕಬ್ಬು, ಉಸುಕು ಹೊತ್ತ ಕಬ್ಬಿಣದ ಡಬ್ಬಿ ಅದು. ತೊಳೆದು ಒಣಗಿಸಿ, ತಳಕ್ಕೆ ಜೋಳದ ಕಣಿಕೆ ಹಾಸಿ, ಅದರ ಮೇಲೆ ಗೋಣಿಚೀಲ, ಅದರ ಮೇಲೆ ಅವ್ವನ ಕೌದಿ. ನಾಲ್ಕು ಬಿದಿರು ಬಗ್ಗಿಸಿ ಕಮಾನು ಕಟ್ಟಿ ತಾಡಪತ್ರಿ ಹೊದಿಸಿದರೆ ಮುಗಿಯಿತು. ಸವದತ್ತಿ ಗುಡ್ಡದಲ್ಲಿ ಮೂರು ದಿನ ಹನ್ನೊಂದು ಮಂದಿಗೆ ಅದೇ ಮನೆ. ಹಿಂದಿನ ಬಾಗಿಲು ಇಳಿಸಿದರೆ ಜಗಲಿ, ಕೆಳಗೆ ಗಾಲಿಗಳ ನಡುವೆ ಅಡುಗೆ.

ಜಾತ್ರೆ ಮುಗಿಸಿ ಬಂದ ಮರುದಿನ ಅದೇ ಟ್ರೇಲರ್ ಮತ್ತೆ ಗೊಬ್ಬರಕ್ಕೆ ಹೋಗುತ್ತಿತ್ತು.

ಇದನ್ನು ಈಗ ನೆನೆಯಲು ಕಾರಣವಿದೆ. ಅಮೆರಿಕದಲ್ಲಿ ಸಾವಿರಾರು ಜನ ಸರಕು ಸಾಗಿಸುವ ಟ್ರೇಲರ್ ಕೊಂಡು, ಅದಕ್ಕೆ ತಾವೇ ಕಿಟಕಿ ಕೊರೆದು, ಮಂಚ ಹಾಕಿ, ಮನೆ ಮಾಡಿಕೊಳ್ಳುತ್ತಾರೆ. ಮೊಬೈಲಿನಲ್ಲಿ ನೀವೂ ಅಂಥ ವಿಡಿಯೊ ನೋಡಿರಬಹುದು. ನೋಡುವಾಗ ಉಳ್ಳವರ ಹವ್ಯಾಸ ಅನಿಸುತ್ತದೆ. ಅದರ ಹಿಂದಿನ ನೂರು ನೂರೈವತ್ತು ವರ್ಷ ಕೆದಕಿದರೆ ಸಿಗುವವರು ಬೇರೆ ಜನ: ಕುರಿ ಕಾಯುವವರು, ಕಮ್ಮಾರರು, ಕೆಲಸ ಕಳೆದುಕೊಂಡವರು, ಬಾಡಿಗೆ ಕಟ್ಟಲಾಗದವರು.

ಮೊದಲು ಕುರಿಗಾರರ ಗಾಡಿ. ಅಮೆರಿಕದ ಪಶ್ಚಿಮಕ್ಕೆ ವಯೋಮಿಂಗ್ ಎಂಬ ರಾಜ್ಯ. ಬಯಲು, ಗಾಳಿ, ಹಿಮ. ಸಾವಿರಾರು ಕುರಿಗಳ ಹಿಂಡಿನ ಜೊತೆ ಒಬ್ಬನೇ ಮನುಷ್ಯ, ಒಂದು ನಾಯಿ, ತಿಂಗಳುಗಟ್ಟಲೆ ಹೊರಗೆ. ನಮ್ಮ ಕುರಿಗಾರರಿಗೆ ಕಂಬಳಿ ಸಾಕು. ಅಲ್ಲಿನ ಚಳಿಗೆ ಕಂಬಳಿ ಸಾಲದು. ಡೇರೆ ಹಾಕಿದರೆ ಗಾಳಿ ಕಿತ್ತೊಯ್ಯುತ್ತಿತ್ತು. 1884ರಲ್ಲಿ ರಾಲಿನ್ಸ್ ಎಂಬ ಊರಿನ ಕಮ್ಮಾರ ಜೇಮ್ಸ್ ಕ್ಯಾಂಡ್ಲಿಶ್ ಸಾಮಾನು ಸಾಗಿಸುವ ಗಾಡಿಯನ್ನೇ ಮನೆ ಮಾಡಿದ ಎಂದು ಅಲ್ಲಿಯ ಜನ ಹೇಳುತ್ತಾರೆ. ಅದೇ ಕಾಲಕ್ಕೆ ಬೇರೆ ಕಮ್ಮಾರರೂ ಅಂಥದ್ದು ಮಾಡಿರಬಹುದು. ಇಂಥ ಕೆಲಸಕ್ಕೆ ಒಬ್ಬನೇ ಅಪ್ಪ ಇರುವುದು ಅಪರೂಪ.

ಆ ಗಾಡಿಯ ಒಳಗನ್ನು ಸ್ವಲ್ಪ ನಿಂತು ನೋಡಬೇಕು. ನಮ್ಮ ಕೊಲ್ಲಾರಿ ಚಕ್ಕಡಿಯ ಹಾಗೆ ಮೇಲೆ ಕಮಾನು, ಅದಕ್ಕೆ ಒಂದರ ಮೇಲೊಂದು ಕ್ಯಾನ್ವಾಸ್ ಬಟ್ಟೆ, ಬೆಚ್ಚಗಿರಲಿ ಎಂದು ಕೆಲವರು ನಡುವೆ ಕಂಬಳಿಯನ್ನೂ ಸೇರಿಸುತ್ತಿದ್ದರು. ಬಾಗಿಲು ಮುಂದೆ, ಕುದುರೆಗಳ ಕಡೆಗೆ. ಬಾಗಿಲಿಗೆ ಮೇಲೊಂದು ಕೆಳಗೊಂದು ತುಂಡು. ಚಳಿಯಲ್ಲಿ ಕೆಳಗಿನದನ್ನು ಮುಚ್ಚಿ, ಮೇಲಿನದನ್ನು ತೆರೆದು, ಒಳಗೆ ನಿಂತೇ ಲಗಾಮು ಹಿಡಿದು ಗಾಡಿ ಹೊಡೆಯಬಹುದು. ಒಳಗೆ ಕಾಲಿಟ್ಟ ಕೂಡಲೇ ಬಲಕ್ಕೆ ಕಬ್ಬಿಣದ ಒಲೆ. ಎರಡೂ ಪಕ್ಕ ಉದ್ದಕ್ಕೆ ಬೆಂಚು, ಬೆಂಚಿನ ಹೊಟ್ಟೆಯಲ್ಲಿ ಸಾಮಾನು. ತುದಿಗೆ ಅಡ್ಡಲಾಗಿ ಎತ್ತರದ ಮಂಚ, ಮಂಚದ ಹಿಂದೆ ಗಾಳಿಗೊಂದು ಕಿಟಕಿ. ಮಂಚದ ಕೆಳಗಿನಿಂದ ಎಳೆದರೆ ಊಟದ ಹಲಗೆ, ತಳ್ಳಿದರೆ ಮಾಯ.

ಇವತ್ತು ಯಾವುದೇ ಕ್ಯಾಂಪರ್ ಟ್ರೇಲರಿನ ನಕ್ಷೆ ತೆಗೆದು ನೋಡಿ. ತುದಿಗೆ ಅಡ್ಡ ಮಂಚ, ಪಕ್ಕಕ್ಕೆ ಪೆಟ್ಟಿಗೆಯಂಥ ಬೆಂಚು, ಮಡಚುವ ಹಲಗೆ, ಬಾಗಿಲ ಬಳಿ ಒಲೆ. ಆರಡಿ ಅಗಲದಲ್ಲಿ ಮನುಷ್ಯ ಮಲಗಬೇಕು, ಉಣ್ಣಬೇಕು, ಕೂರಬೇಕು ಎಂದರೆ ಇರುವ ದಾರಿ ಕೆಲವೇ. ಅದನ್ನು ಹುಡುಕಿದ್ದು ಕಾಲೇಜು ಓದಿದ ಎಂಜಿನಿಯರ್ ಅಲ್ಲ.

ಮುಂದಿನದು ಕಾರಿನ ಕಾಲ. 1908ರಲ್ಲಿ ಹೆನ್ರಿ ಫೋರ್ಡ್ ಮಾಡೆಲ್ ಟಿ ಕಾರು ಹೊರತಂದಾಗ ಬೆಲೆ 850 ಡಾಲರ್. 1920ರ ದಶಕದ ನಡುವೆ ಅದು 300 ಡಾಲರಿಗಿಂತ ಕೆಳಗೆ ಬಂತು. ರೈತರು, ಮೇಸ್ತ್ರಿಗಳು ಕಾರು ಕೊಂಡರು. ಕಾರಿನ ಹಿಂದೆ ಡೇರೆ ಕಟ್ಟಿಕೊಂಡು ಚಳಿಗಾಲಕ್ಕೆ ಬೆಚ್ಚಗಿನ ಫ್ಲಾರಿಡಾಗೆ ಹೊರಟರು. ದಾರಿಯಲ್ಲಿ ಹೋಟೆಲಿಗೆ ದುಡ್ಡು ಕೊಡದೆ ತಗಡಿನ ಡಬ್ಬಿಯ ಊಟ ಬಿಸಿಮಾಡಿ ತಿನ್ನುತ್ತಿದ್ದ ಇವರಿಗೆ ‘ಟಿನ್ ಕ್ಯಾನ್ ಟೂರಿಸ್ಟ್’ ಎಂದು ಹೆಸರು ಬಿತ್ತು. ಹೆಸರಿನಲ್ಲಿ ಸ್ವಲ್ಪ ಗೇಲಿ ಇತ್ತು. ಇವರು ಅದನ್ನೇ ಇಟ್ಟುಕೊಂಡು 1919ರಲ್ಲಿ ಟ್ಯಾಂಪಾ ನಗರದ ಡಿ ಸೋಟೊ ಪಾರ್ಕಿನಲ್ಲಿ ಸಂಘ ಕಟ್ಟಿದರು. ಕಾರಿನ ಮೂತಿಗೆ ಒಂದು ತಗಡಿನ ಡಬ್ಬಿ ಬೆಸೆದುಕೊಳ್ಳುವುದು ಸಂಘದ ಗುರುತು.

ಡೇರೆಯಿಂದ ಗಟ್ಟಿ ಪೆಟ್ಟಿಗೆಗೆ ಬಂದದ್ದು ಮಳೆಯಿಂದ. ಡೆಟ್ರಾಯಿಟಿನ ಆರ್ಥರ್ ಶರ್ಮನ್ ಸೂಕ್ಷ್ಮಜೀವಿಗಳ ತಜ್ಞ, ಔಷಧ ಕಂಪನಿಯ ಮುಖ್ಯಸ್ಥ. ನಿಮಿಷಗಳಲ್ಲಿ ಬಿಚ್ಚಬಹುದು ಎಂದು ಹೇಳಿ ಮಾರಿದ್ದ ಡೇರೆ ಟ್ರೇಲರ್ ಕೊಂಡು ಹೆಂಡತಿ ಮಕ್ಕಳ ಜೊತೆ ಹೊರಟ. ಮಳೆ ಹಿಡಿಯಿತು. ಡೇರೆ ಏಳಲಿಲ್ಲ, ಎಲ್ಲರೂ ತೊಯ್ದರು. ಊರಿಗೆ ಮರಳಿ ತನ್ನದೇ ಕಲ್ಪನೆಯ ಆರಡಿ ಅಗಲ, ಒಂಬತ್ತಡಿ ಉದ್ದದ ಮುಚ್ಚಿದ ಪೆಟ್ಟಿಗೆ ಮಾಡಿಸಿದ. ಹಳೆಯ ವಲಸೆಗಾರರ ಕಮಾನು ಗಾಡಿಯನ್ನು ನೆನೆದು ಮಕ್ಕಳು ಅದನ್ನು ‘ಕವರ್ಡ್ ವ್ಯಾಗನ್’ ಎಂದರು. 1930ರ ಜನವರಿಯಲ್ಲಿ ಡೆಟ್ರಾಯಿಟಿನ ಕಾರು ಪ್ರದರ್ಶನದಲ್ಲಿ ಇಟ್ಟ, 400 ಡಾಲರ್ ಬೆಲೆ ಹೇಳಿದ, ಜನ ಮುಗಿಬಿದ್ದರು. 1936ರ ಹೊತ್ತಿಗೆ ದೇಶದ ಅತಿ ದೊಡ್ಡ ಟ್ರೇಲರ್ ಕಂಪನಿ ಅವನದಾಗಿತ್ತು.

ಇನ್ನೊಬ್ಬ ವಾಲಿ ಬೈಯಮ್. ಒರೆಗಾನ್ ರಾಜ್ಯದ ಬೇಕರ್ ಎಂಬ ಊರಿನಲ್ಲಿ 1896ರಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗ ಕುರಿ ಕಾಯುತ್ತಿದ್ದ. ಕತ್ತೆ ಎಳೆಯುವ ಎರಡು ಗಾಲಿಯ ಪುಟ್ಟ ಗಾಡಿಯೇ ಅವನ ಮನೆ: ಒಳಗೆ ಸೀಮೆಎಣ್ಣೆ ಒಲೆ, ಹಾಸಿಗೆ, ನೀರು, ತೊಳೆಯಲು ಒಂದು ಬಕೆಟ್ಟು. ಮುಂದೆ ಸ್ಟ್ಯಾನ್‌ಫರ್ಡ್‌ನಲ್ಲಿ ಓದಿ, ಲಾಸ್ ಏಂಜಲೀಸ್‌ನಲ್ಲಿ ಪತ್ರಿಕೆ ನಡೆಸುವವನಾದ.

ಪತ್ರಿಕೋದ್ಯಮ ಓದಿದ ನನಗೆ ಈ ಕಥೆಯಲ್ಲಿ ತುಂಬ ಹಿಡಿಸಿದ್ದು ಮುಂದಿನ ಭಾಗ. ಬೈಯಮ್ ತನ್ನ ಪತ್ರಿಕೆಯಲ್ಲಿ, ಮನೆಯಲ್ಲೇ ಟ್ರೇಲರ್ ಕಟ್ಟುವುದು ಹೇಗೆ ಎಂದು ಬೇರೊಬ್ಬರು ಬರೆದ ಲೇಖನವನ್ನು ನಕ್ಷೆ ಸಮೇತ ಅಚ್ಚು ಹಾಕಿದ. ಓದುಗರಿಂದ ದೂರು ಬಂದವು: ನಿಮ್ಮ ನಕ್ಷೆಯ ಪ್ರಕಾರ ಮಾಡಿದರೆ ಕೂಡುವುದೇ ಇಲ್ಲ. ‘ಲೇಖಕರ ಅಭಿಪ್ರಾಯಕ್ಕೆ ಸಂಪಾದಕರು ಹೊಣೆಯಲ್ಲ’ ಎಂದು ಒಂದು ಸಾಲು ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಅವನು ಹಲಗೆ, ಮೊಳೆ ತಂದು ತಾನೇ ಕಟ್ಟಿ ನೋಡಿದ. ಓದುಗರು ಹೇಳಿದ್ದು ಸರಿಯಾಗಿತ್ತು.

ಆಮೇಲೆ ತನ್ನದೇ ಟ್ರೇಲರ್ ಶುರುಮಾಡಿದ. ಮೊದಲು ಮಾಡೆಲ್ ಟಿ ಕಾರಿನ ಚಾಸಿ ಮೇಲೆ ಡೇರೆ. ಹೆಂಡತಿ ಮೇರಿಯನ್‌ಗೆ ಅದು ಒಗ್ಗಲಿಲ್ಲ, ಅಡುಗೆಮನೆ ಬೇಕು ಎಂದಳು. ಆಗ ಗಟ್ಟಿ ಗೋಡೆ, ಒಲೆ, ಐಸ್ ಪೆಟ್ಟಿಗೆ ಬಂದವು. ಆ ಕಾಲದ ಟ್ರೇಲರುಗಳಲ್ಲಿ ಬಗ್ಗಿ ನಡೆಯಬೇಕಿತ್ತು. ಇವನು ಎರಡು ಗಾಲಿಗಳ ನಡುವೆ ನೆಲವನ್ನೇ ಕೆಳಗಿಳಿಸಿದ, ಚಾವಣಿ ಎತ್ತರಿಸಿದ. ಮನುಷ್ಯ ನೆಟ್ಟಗೆ ನಿಲ್ಲುವಂತಾಯಿತು. 100 ಡಾಲರ್‌ನಲ್ಲಿ ಇದನ್ನು ಕಟ್ಟುವುದು ಹೇಗೆ ಎಂದು ಲೇಖನ ಬರೆದ. ಇನ್ನೂ ವಿವರ ಬೇಕು ಎಂದು ಓದುಗರು ಕೇಳಿದಾಗ ಹೆಜ್ಜೆ ಹೆಜ್ಜೆಗೆ ಚಿತ್ರವಿರುವ ಪುಸ್ತಿಕೆ ಮಾಡಿ ಒಂದು ಡಾಲರಿಗೆ ಮಾರಿದ. ನಮಗೊಂದು ಕಟ್ಟಿಕೊಡಿ ಎಂದು ನೆರೆಯವರು ಬಂದರು. 1931ರಲ್ಲಿ ಕಂಪನಿಯೇ ಆಯಿತು: ಏರ್‌ಸ್ಟ್ರೀಮ್. 1936ರಲ್ಲಿ ವಿಮಾನದ ಮೈಯಂತೆ ಅಲ್ಯೂಮಿನಿಯಂ ತಗಡಿಗೆ ರಿವೆಟ್ ಹೊಡೆದು ಮಾಡಿದ ‘ಕ್ಲಿಪ್ಪರ್’ ಬಂದಾಗ ಅದರ ಬೆಲೆ 1,200 ಡಾಲರ್. ನೂರು ಡಾಲರಿನ ಮನೆ ಕಟ್ಟಲು ಹೇಳಿಕೊಟ್ಟವನ ಕೈಯಿಂದಲೇ ಸಾಮಾನ್ಯರಿಗೆ ನಿಲುಕದ ಮನೆ ಬಂತು. ವ್ಯಾಪಾರ ಹೀಗೆಯೇ.

ಕಂಪನಿಯ ದಾರಿ ಒಂದು ಕಡೆ ಹೋಯಿತು, ಮನೆಯಂಗಳದ ದಾರಿ ಇನ್ನೊಂದು ಕಡೆ ಉಳಿಯಿತು. ಅಂಗಳದವರಿಗೆ ನೆರವಾದದ್ದು ಹಲಗೆ. ಮರದ ನಾರು ಒತ್ತಿ ಮಾಡುವ ಮೇಸನೈಟ್ ಹಾಳೆಯನ್ನು ವಿಲಿಯಂ ಮೇಸನ್ ಕಂಡುಹಿಡಿದದ್ದು 1924ರಲ್ಲಿ. ಪ್ಲೈವುಡ್ ಅದಕ್ಕೂ ಮೊದಲೇ ಇತ್ತು, 1928ರ ಹೊತ್ತಿಗೆ ಎಂಟಡಿ ನಾಲ್ಕಡಿ ಎಂಬ ಅಳತೆಯೂ ನಿಂತಿತು. ಆದರೆ ನೀರು ಬಿದ್ದರೆ ಪದರ ಪದರವಾಗಿ ಬಿಚ್ಚುತ್ತಿತ್ತು. 1934ರಲ್ಲಿ ಜೇಮ್ಸ್ ನೆವಿನ್ ಎಂಬ ರಸಾಯನ ತಜ್ಞ ನೀರಿಗೆ ಬಿಡದ ಅಂಟು ಕಂಡುಹಿಡಿದ. ಅಲ್ಲಿಂದ ಗರಗಸ, ಸುತ್ತಿಗೆ ಹಿಡಿಯಬಲ್ಲ ಯಾರು ಬೇಕಾದರೂ ಮಳೆಗೆ ನಿಲ್ಲುವ ಗೋಡೆ ಮಾಡಬಹುದಾಯಿತು. ಇಂದಿಗೂ ನಮ್ಮ ಊರಿನ ಬಡಗಿ ಕೊಡುವ ಪ್ಲೈವುಡ್ ಹಾಳೆ ಎಂಟಡಿ ನಾಲ್ಕಡಿಯೇ.

ಅದು ದೊಡ್ಡ ಆರ್ಥಿಕ ಕುಸಿತದ ಕಾಲ ಎಂಬುದನ್ನು ಮರೆಯಬಾರದು. 1929ರ ನಂತರ ಬ್ಯಾಂಕು ಮುಳುಗಿ, ಹೊಲ ಹರಾಜಾಗಿ, ಬಯಲು ಸೀಮೆಯಲ್ಲಿ ಧೂಳಿನ ಬಿರುಗಾಳಿ ಎದ್ದು ಲಕ್ಷಾಂತರ ಜನ ಊರು ಬಿಟ್ಟರು. ಒಬ್ಬ ರಜೆಗೆಂದು ಕಟ್ಟಿದ ಪೆಟ್ಟಿಗೆಯಂಥದ್ದೇ ಇನ್ನೊಬ್ಬನಿಗೆ ಇದ್ದ ಏಕೈಕ ಮನೆ. ಊರಿನವರ ಕಣ್ಣಿಗೆ ಈ ಎರಡನೆಯವರು ಬೀಳಲಾರಂಭಿಸಿದ ಮೇಲೆ ಸ್ವಾಗತ ಹೋಯಿತು. ಇಷ್ಟೇ ದಿನ ನಿಲ್ಲಬೇಕು, ಊರ ಹೊರಗೇ ನಿಲ್ಲಬೇಕು ಎಂದು ಪಟ್ಟಣಗಳು ನಿಯಮ ತಂದವು. ಮಹಾಯುದ್ಧ ಬಂದು ಕಾರ್ಖಾನೆಗಳಿಗೆ ಆಳು ಬೇಕಾದಾಗ ಅದೇ ಸರ್ಕಾರ ಸಾವಿರಾರು ಟ್ರೇಲರ್ ಕೊಂಡು ಕಾರ್ಮಿಕರನ್ನು ಅದರಲ್ಲಿ ಇರಿಸಿತು.

ರಸ್ತೆ ಎಲ್ಲರದ್ದೂ ಆಗಿರಲಿಲ್ಲ. ಟಿನ್ ಕ್ಯಾನ್ ಟೂರಿಸ್ಟರ ಹಳೆಯ ಫೋಟೊಗಳಲ್ಲಿ ನಗುತ್ತಿರುವವರು ಬಿಳಿಯರು. ಕಪ್ಪು ಜನರಿಗೆ ಎಷ್ಟೋ ಊರುಗಳಲ್ಲಿ ಕ್ಯಾಂಪಿಗೆ ಜಾಗ ಕೊಡುತ್ತಿರಲಿಲ್ಲ, ಹೋಟೆಲಿನಲ್ಲಿ ಊಟವಿಲ್ಲ, ಕೆಲವು ಊರುಗಳಲ್ಲಿ ಕತ್ತಲಾದ ಮೇಲೆ ಕಾಣಿಸಿಕೊಂಡರೆ ಜೀವಕ್ಕೇ ಅಪಾಯ. ನ್ಯೂಯಾರ್ಕಿನ ಹಾರ್ಲೆಮಿನ ಅಂಚೆಪೇದೆ ವಿಕ್ಟರ್ ಗ್ರೀನ್ 1936ರಿಂದ ವರ್ಷವರ್ಷವೂ ಒಂದು ಕೈಪಿಡಿ ಹೊರತಂದ: ಕಪ್ಪು ಪ್ರಯಾಣಿಕರು ಎಲ್ಲಿ ತಂಗಬಹುದು, ಎಲ್ಲಿ ಉಣ್ಣಬಹುದು, ಎಲ್ಲಿ ಪೆಟ್ರೋಲ್ ಸಿಗುತ್ತದೆ. ಬಾವಿಯ ನೀರು ಯಾರು ಸೇದಬೇಕು ಎಂಬ ಜಗಳ ಕಂಡ ನಮಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ.

ಯುದ್ಧ ಮುಗಿದ 1945ರ ಬೇಸಿಗೆಯಲ್ಲಿ ಇನ್ನೊಂದು ಕಡೆಯಿಂದ ಸರಕಿನ ಟ್ರೇಲರ್ ಬಂತು. ನೌಕಾಪಡೆಯಿಂದ ಬಿಡುಗಡೆಯಾದ ಲಿಯೊನಾರ್ಡ್ ಶೋಯೆನ್ ಮತ್ತು ಹೆಂಡತಿ ಆನಾ ಮೇರಿ ಲಾಸ್ ಏಂಜಲೀಸ್‌ನಿಂದ ಪೋರ್ಟ್‌ಲ್ಯಾಂಡ್ ಕಡೆಗೆ ಮನೆ ಬದಲಿಸಬೇಕಿತ್ತು. ಸಾಮಾನು ಸಾಗಿಸಲು ಒಂದು ಕಡೆಯ ಪ್ರಯಾಣಕ್ಕೆ ಟ್ರೇಲರ್ ಬಾಡಿಗೆ ಸಿಗಲಿಲ್ಲ. ಕಾರಿನಲ್ಲಿ ಹಿಡಿಸಿದಷ್ಟು ತುಂಬಿಕೊಂಡು ಹೋದರು. ಆಮೇಲೆ 5,000 ಡಾಲರ್ ಉಳಿತಾಯ ಹಾಕಿ ಕೊಟ್ಟಿಗೆಯಲ್ಲಿ ತಾವೇ ಟ್ರೇಲರ್ ಮಾಡಿ, ಕಿತ್ತಳೆ ಬಣ್ಣ ಬಳಿದು, ದಿನಕ್ಕೆ ಎರಡು ಡಾಲರಿನಂತೆ ಪೆಟ್ರೋಲ್ ಬಂಕುಗಳ ಮೂಲಕ ಬಾಡಿಗೆಗೆ ಬಿಟ್ಟರು. ಅದೇ ಯು-ಹಾಲ್ ಕಂಪನಿ. ಸಾಮಾನ್ಯ ಮನುಷ್ಯ ತನ್ನ ಕಾರಿಗೆ ಸರಕಿನ ಡಬ್ಬಿ ಕಟ್ಟಿಕೊಂಡು ಹೋಗುವುದನ್ನು ರೂಢಿ ಮಾಡಿಸಿದ್ದರಲ್ಲಿ ಇವರದು ದೊಡ್ಡ ಪಾಲು.

1947ರಲ್ಲಿ ‘ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್’ ಪತ್ರಿಕೆ ಕಣ್ಣೀರ ಹನಿಯ ಆಕಾರದ ಇಬ್ಬರ ಟ್ರೇಲರಿನ ನಕ್ಷೆ ಅಚ್ಚು ಹಾಕಿತು. ಒಳಗೆ ಹಾಸಿಗೆ ಮಾತ್ರ, ಹಿಂದಿನ ಮುಚ್ಚಳ ಎತ್ತಿದರೆ ಅಡುಗೆ. ಯುದ್ಧದಲ್ಲಿ ಉಳಿದ ಅಲ್ಯೂಮಿನಿಯಂ ಅಗ್ಗಕ್ಕೆ ಸಿಗುತ್ತಿತ್ತು. ಎಷ್ಟೋ ಅಂಗಳಗಳಲ್ಲಿ ಅಪ್ಪಂದಿರು ಭಾನುವಾರಗಳನ್ನು ಇದರ ಮೇಲೆ ಕಳೆದರು. ಐವತ್ತು, ಅರವತ್ತರ ದಶಕದಲ್ಲಿ ದೊಡ್ಡ ಹೆದ್ದಾರಿಗಳಾದವು, ದೊಡ್ಡ ಟ್ರೇಲರುಗಳು ಬಂದವು, ಕೈಯಿಂದ ಕಟ್ಟುವುದು ಹಿಂದೆ ಬಿತ್ತು.

ಅದು ಮತ್ತೆ ಜೋರಾಗಿ ಕಾಣಿಸಿಕೊಂಡದ್ದು 2008ರ ಕುಸಿತದ ನಂತರ. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಎಂಬ ಊರು ಇಂಥ ವಾಹನಗಳ ರಾಜಧಾನಿ. ಮನೆ ಸಾಲ ಮುಳುಗಿದ ಮೇಲೆ ಕ್ಯಾಂಪರ್ ಕೊಳ್ಳುವವರಿಲ್ಲದೆ 2009ರ ವಸಂತಕ್ಕೆ ಅಲ್ಲಿ ನಿರುದ್ಯೋಗ ಶೇ. 18 ದಾಟಿತು. ಮನೆ ಕಳೆದುಕೊಂಡ ಎಷ್ಟೋ ಜನ ಅದೇ ಹೊತ್ತಿಗೆ ಗಾಲಿಯ ಮೇಲಿನ ಮನೆ ಹುಡುಕುತ್ತಿದ್ದರು. ಮಾಡುವವನಿಗೆ ಕೆಲಸವಿಲ್ಲ, ಬೇಕಾದವನ ಬಳಿ ದುಡ್ಡಿಲ್ಲ.

ಅಂಥವರಿಗೆ ದಾರಿ ತೋರಿಸಿದವರಲ್ಲಿ ಬಾಬ್ ವೆಲ್ಸ್ ಹೆಸರು ದೊಡ್ಡದು. ಅಲಾಸ್ಕಾದಲ್ಲಿ ದಿನಸಿ ಅಂಗಡಿಯ ನೌಕರ. 1995ರಲ್ಲಿ ವಿಚ್ಛೇದನವಾಗಿ, ಸಂಬಳದ ಅರ್ಧ ಹೋಗಿ, ಬಾಡಿಗೆ ಕಟ್ಟಲಾಗದೆ ಸರಕು ಸಾಗಿಸುವ ಹಳೆಯ ಡಬ್ಬಿ ವ್ಯಾನ್ ಕೊಂಡು ಅದರಲ್ಲೇ ಇರತೊಡಗಿದ. ಮೊದಮೊದಲು ರಾತ್ರಿ ಅಳುತ್ತಿದ್ದೆ ಎಂದು ಅವನೇ ಹೇಳಿಕೊಂಡಿದ್ದಾನೆ. ಒಂದೊಂದೇ ಹಲಗೆ ಸೇರಿಸಿ ಮಂಚ, ಕಪಾಟು ಮಾಡಿಕೊಂಡ ಮೇಲೆ ಅದು ಮನೆಯಾಯಿತು. 2005ರಲ್ಲಿ ತಾನು ಕಲಿತದ್ದನ್ನೆಲ್ಲ ಅಂತರ್ಜಾಲಕ್ಕೆ ಹಾಕಿದ. ಮುಂದೆ ಅರಿಜೋನಾದ ಕ್ವಾರ್ಟ್ಸ್‌ಸೈಟ್ ಮರುಭೂಮಿಯಲ್ಲಿ ಇಂಥ ಜನರ ಜಾತ್ರೆ ಸೇರತೊಡಗಿತು. ಜೆಸಿಕಾ ಬ್ರೂಡರ್ ಎಂಬ ಪತ್ರಕರ್ತೆ ಇವರ ಜೊತೆ ತಿರುಗಿ 2017ರಲ್ಲಿ ‘ನೊಮ್ಯಾಡ್‌ಲ್ಯಾಂಡ್’ ಪುಸ್ತಕ ಬರೆದರು. ಅದೇ ಹೆಸರಿನ ಸಿನಿಮಾಕ್ಕೆ 2021ರಲ್ಲಿ ಆಸ್ಕರ್ ಬಂತು. ಅದರಲ್ಲಿ ವೆಲ್ಸ್ ತಾನಾಗಿಯೇ ನಟಿಸಿದ್ದಾನೆ. ಅರವತ್ತು ಎಪ್ಪತ್ತು ದಾಟಿದ ಹೆಂಗಸರು ಋತುವಿಗೊಂದು ಕೂಲಿ ಹುಡುಕಿ ಹೋಗುವ ಚಿತ್ರಗಳನ್ನು ನೋಡುವಾಗ ನನಗೆ ಕಬ್ಬು ಕಡಿಯಲು ಬರುವ ಗ್ಯಾಂಗಿನವರು ಕಣ್ಣಮುಂದೆ ಬಂದರು.

ಕಂಪನಿಯ ಕ್ಯಾಂಪರ್ ಬಿಟ್ಟು ಸರಕಿನ ಟ್ರೇಲರ್ ಏಕೆ? ಅಗ್ಗ, ಗಟ್ಟಿ, ಸೋರುವ ಜಾಗ ಕಡಿಮೆ. ಹೆಚ್ಚಿನವರು ಆರಿಸುವುದು ಆರಡಿ ಅಗಲ, ಹನ್ನೆರಡಡಿ ಉದ್ದದ ಮುಚ್ಚಿದ ಡಬ್ಬಿ. ಒಂದೇ ಆಕ್ಸಲ್, ಸಾಮಾನು ಸೇರಿ ಸುಮಾರು 1,350 ಕೆ.ಜಿ. ಮಿತಿ. ಇನ್ನೊಂದು ಕಾರಣವನ್ನು ಮೆಲ್ಲಗೆ ಹೇಳುತ್ತಾರೆ: ಹೊರಗಿನಿಂದ ನೋಡಿದರೆ ಒಳಗೆ ಮನುಷ್ಯರಿದ್ದಾರೆ ಎಂದು ಗೊತ್ತಾಗುವುದಿಲ್ಲ. ಬಡಾವಣೆಯ ರಸ್ತೆಯಲ್ಲಿ ರಾತ್ರಿ ಕಳೆಯಬೇಕಾದವರಿಗೆ ಅದೇ ರಕ್ಷಣೆ.

ಕಟ್ಟುವವರು ಮೊದಲು ಕೊರೆಯುವುದು ಚಾವಣಿಯನ್ನು. ತಗಡಿನ ಡಬ್ಬಿಯಲ್ಲಿ ಇಬ್ಬರು ರಾತ್ರಿಯಿಡೀ ಉಸಿರಾಡಿದರೆ ತಲಾ ಒಂದು ಲೋಟದಷ್ಟು ನೀರು ಗಾಳಿಗೆ ಸೇರುತ್ತದೆ, ಬೆಳಗ್ಗೆ ತಣ್ಣನೆಯ ಗೋಡೆಯಿಂದ ತೊಟ್ಟಿಕ್ಕುತ್ತದೆ. ಅದಕ್ಕೆ ಹದಿನಾಲ್ಕು ಇಂಚು ಚೌಕದ ಕಿಂಡಿ, ಕಿಂಡಿಗೆ ಫ್ಯಾನು. ಗೋಡೆಯ ಕಬ್ಬಿಣದ ಪಟ್ಟಿಗಳ ನಡುವೆ ಫೋಮ್ ಹಲಗೆ, ಅದರ ಮೇಲೆ ತೆಳು ಪ್ಲೈವುಡ್. ಭಾರದ ಲೆಕ್ಕ ತಪ್ಪುವಂತಿಲ್ಲ: ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮುಂದಿನ ಕೊಂಡಿಯ ಮೇಲೆ ಬರಬೇಕು. ಹಿಂದೆ ಭಾರ ಹೆಚ್ಚಾದರೆ ಟ್ರೇಲರ್ ಹಾವಿನಂತೆ ಹೊರಳುತ್ತದೆ. ಕಬ್ಬಿನ ಟ್ರ್ಯಾಕ್ಟರ್ ಓಡಿಸಿದವರಿಗೆ ಇದನ್ನು ಹೇಳಬೇಕಾಗಿಲ್ಲ.

ಇನ್ನೊಂದು ಸಣ್ಣ ವಿಷಯವಿದೆ, ನನಗೆ ಅದೇ ದೊಡ್ಡದು. ಸರಕಿನ ಟ್ರೇಲರಿನ ಹಿಂಬಾಗಿಲಿನ ಅಗುಳಿ ಹೊರಗೆ ಮಾತ್ರ ಇರುತ್ತದೆ. ಚೀಲಗಳು ಒಳಗಿನಿಂದ ಬಾಗಿಲು ತೆರೆಯುವುದಿಲ್ಲವಲ್ಲ. ಮನೆ ಮಾಡುವವನು ಒಳಗೊಂದು ಚಿಲಕ ಹಾಕಲೇಬೇಕು, ಬೆಂಕಿ ಬಿದ್ದರೆ ಹೊರಬರಲು ಎರಡನೇ ದಾರಿ ಇಡಲೇಬೇಕು. ಓಡುವಾಗ ಒಳಗೆ ಯಾರೂ ಕೂರಬಾರದು ಎಂಬ ಕಾನೂನು ಅಲ್ಲಿಯ ಹಲವು ರಾಜ್ಯಗಳಲ್ಲಿದೆ. ನಮ್ಮಲ್ಲೂ ಕೃಷಿ ಟ್ರೇಲರಿನಲ್ಲಿ ಜನರನ್ನು ಕೂರಿಸುವಂತಿಲ್ಲ. ಹನ್ನೊಂದು ಮಂದಿ ಕೌದಿಯ ಮೇಲೆ ಕೂತು ಹಾಡು ಹೇಳುತ್ತ ಸವದತ್ತಿಗೆ ಹೋದದ್ದು ತಪ್ಪೇ. ಜಾತ್ರೆಯ ದಾರಿಯಲ್ಲಿ ಟ್ರೇಲರ್ ಮಗುಚಿದ ಸುದ್ದಿ ಪ್ರತಿ ವರ್ಷ ಓದುತ್ತೇವೆ, ಪ್ರತಿ ವರ್ಷ ಹತ್ತುತ್ತೇವೆ.

ನಮ್ಮ ದೇಶದಲ್ಲಿ ಸರಕಿನ ಟ್ರಾಲಿ ಮನೆಯಾದದ್ದನ್ನು ಎಲ್ಲರೂ ಕಂಡದ್ದು 2020ರ ನವೆಂಬರ್ 26ರ ನಂತರ. ಮೂರು ಕೃಷಿ ಕಾಯ್ದೆಗಳ ವಿರುದ್ಧ ಹೊರಟ ಪಂಜಾಬ್, ಹರಿಯಾಣದ ರೈತರನ್ನು ದೆಹಲಿಯ ಗಡಿಯಲ್ಲಿ ತಡೆದಾಗ ಅವರು ಸಿಂಘು, ಟಿಕ್ರಿಯ ಹೆದ್ದಾರಿಯಲ್ಲೇ ಟ್ರ್ಯಾಕ್ಟರ್ ನಿಲ್ಲಿಸಿದರು. ಕಾಯ್ದೆಗಳ ಸರಿ ತಪ್ಪು ಈ ಬರಹದ ವಿಷಯವಲ್ಲ. ಟ್ರಾಲಿಗಳನ್ನು ನೋಡಿ: ತಳಕ್ಕೆ ಭತ್ತದ ಹುಲ್ಲು, ಅದರ ಮೇಲೆ ಹಾಸಿಗೆ, ಮೇಲೆ ಕಮಾನು, ತಾಡಪತ್ರಿ. ಅಂದರೆ ನಮ್ಮಪ್ಪನ ಜಾತ್ರೆಯ ಟ್ರೇಲರ್. ಜನವರಿಯ ಮಳೆಯಲ್ಲಿ ತೊಯ್ದ ಮೇಲೆ ಎರಡನೇ ಪದರ ಬಂತು. ದಿನ ಉರುಳಿದಂತೆ ಪ್ಲೈವುಡ್ ಗೋಡೆ, ಬಲ್ಬು, ಮೊಬೈಲ್ ಚಾರ್ಜಿಗೆ ಬೋರ್ಡು, ಬೇಸಿಗೆಗೆ ಕೂಲರ್. ವಯೋಮಿಂಗಿನ ಕಮ್ಮಾರ, ಮಳೆಯಲ್ಲಿ ತೊಯ್ದ ಶರ್ಮನ್, ಅಡುಗೆಮನೆ ಕೇಳಿದ ಮೇರಿಯನ್ ದಾಟಿದ ಹೆಜ್ಜೆಗಳನ್ನೇ ಇವರು ಕೆಲವೇ ತಿಂಗಳಲ್ಲಿ ದಾಟಿದರು. ಚಳಿ, ಕಾಯಿಲೆ, ಅಪಘಾತಗಳಲ್ಲಿ 700ಕ್ಕೂ ಹೆಚ್ಚು ಮಂದಿ ತೀರಿಕೊಂಡರು ಎಂಬುದು ರೈತ ಸಂಘಟನೆಗಳ ಲೆಕ್ಕ.

ಆ ಡಿಸೆಂಬರ್ 18ರಂದು ಅಲ್ಲಿಂದ ನಾಲ್ಕು ಪುಟದ ಪತ್ರಿಕೆಯೊಂದು ಹೊರಟಿತು, ಪಂಜಾಬಿ ಮತ್ತು ಹಿಂದಿಯಲ್ಲಿ. ಕಾಲೇಜು ಮುಗಿಸಿದ ನಮ್ಮಂಥ ಹುಡುಗ ಹುಡುಗಿಯರೇ ಮಾಡಿದ್ದು. ಹೆಸರು ‘ಟ್ರಾಲಿ ಟೈಮ್ಸ್’.

2021ರ ನವೆಂಬರ್ 19ರಂದು ಕಾಯ್ದೆ ಹಿಂಪಡೆಯುವ ಘೋಷಣೆಯಾಯಿತು. ಡಿಸೆಂಬರ್ 11ರಂದು ತಾಡಪತ್ರಿ ಬಿಚ್ಚಿ, ಬಿದಿರು ಕಟ್ಟಿ, ಹಾಸಿಗೆ ಸುತ್ತಿ ಟ್ರಾಲಿಗಳು ಹೊರಟವು. ಊರಲ್ಲಿ ಆಗ ಗೋಧಿ ಮೊಳೆತಿತ್ತು.